ಚೌಕದೊಳಗಿನ ಲೆಕ್ಕ: ಹಳೆಯ ಕ್ವಿಲ್ಟ್ ಮಾದರಿಗಳನ್ನು ಓದುವ ಬಗೆ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಮೇ ತಿಂಗಳು ಬಂತೆಂದರೆ ಗಚ್ಚಿಯ ತುಂಬ ಕೌದಿಗಳು ಬಿಸಿಲಿಗೆ ಬೀಳುತ್ತವೆ. ಮಳೆ ಹಿಡಿಯುವ ಮೊದಲು ಅವುಗಳ ತೇವ ಪೂರ್ತಿ ಆರಬೇಕು. ಇಲ್ಲದಿದ್ದರೆ ಜುಲೈ ಹೊತ್ತಿಗೆ ಕಪಾಟಿನೊಳಗೇ ಬೂಷ್ಟು ಹಿಡಿಯುತ್ತದೆ. ಈಚಿನ ವರ್ಷಗಳಲ್ಲಿ ಈ ಕೌದಿಗಳ ಪಕ್ಕದಲ್ಲಿ ಬೇರೊಂದು ಬಗೆಯ ಹೊದಿಕೆಗಳೂ ಕಾಣತೊಡಗಿವೆ. ಅಳತೆ ಹಿಡಿದು ಕತ್ತರಿಸಿದ ಚೌಕಗಳು, ನಕ್ಷತ್ರಗಳು, ಒಂದರ ಹಿಂದೊಂದು ಹಾರುವ ತ್ರಿಕೋನಗಳು. ಇವನ್ನು ಹೊಲಿಯಲು ಕಲಿಸುವ ತರಗತಿಗಳು ನಡೆಯುತ್ತಿವೆ, ಕತ್ತರಿಸಿದ ಬಟ್ಟೆಯೂ ನಕ್ಷೆಯೂ ಒಟ್ಟಿಗಿರುವ ಪೊಟ್ಟಣಗಳು ಮನೆ ಬಾಗಿಲಿಗೆ ಬರುತ್ತಿವೆ. ನಮ್ಮ ಮಹಡಿಯಲ್ಲೇ ಇರುವ ಧಾರವಾಡದ ಕಡೆಯ ಹುಡುಗಿಯೊಬ್ಬಳು ಅಂಥ ಒಂದು ನಕ್ಷೆಯನ್ನು ನನ್ನ ಮುಂದೆ ಹರಡಿ, "ಕಾಕೂ, ಇದರ ಹೆಸರು ಓಹಿಯೊ ಸ್ಟಾರ್ ಅಂತ್ರಿ. ಓಹಿಯೊ ಅಂದ್ರ ಅಮೆರಿಕಾದ ಒಂದು ರಾಜ್ಯ ಅಲ್ರೀ? ಅದಕ್ಕೂ ಈ ಚುಕ್ಕಿಗೂ ಏನ್ ಸಂಬಂಧ?" ಎಂದು ಕೇಳಿದಳು. ಪ್ರಶ್ನೆ ಚಿಕ್ಕದು, ಆದರೆ ಉತ್ತರ ಕೊಡಬೇಕಾದರೆ ಕ್ವಿಲ್ಟ್ ಹೇಗೆ ಕಟ್ಟಲ್ಪಡುತ್ತದೆ ಎಂಬಲ್ಲಿಂದಲೇ ಆರಂಭಿಸಬೇಕಾಗುತ್ತದೆ.

ಮೂರು ಪದರ, ಒಂದು ಚೌಕ

ಕ್ವಿಲ್ಟ್ ಎಂದರೆ ಮೂರು ಪದರಗಳನ್ನು ಒಂದೇ ಹೊಲಿಗೆಯಿಂದ ಹಿಡಿದಿಟ್ಟ ಹೊದಿಕೆ. ಮೇಲ್ಪದರ ಕಣ್ಣಿಗೆ ಕಾಣುವ ಚಿತ್ತಾರ, ನಡುವಿನದು ಹತ್ತಿಯ ಅಥವಾ ಬೇರೆ ನಾರಿನ ಹಾಸು, ಕೆಳಗಿನದು ಅಸ್ತರ. ಮೇಲ್ಪದರದ ತುಣುಕುಗಳನ್ನು ಒಂದಕ್ಕೊಂದು ಕೂಡಿಸುವುದು ಒಂದು ಕೆಲಸ. ಮೂರೂ ಪದರಗಳು ಜಾರದಂತೆ ಉದ್ದಕ್ಕೂ ಹೊಲಿಗೆ ಹಾಕುವುದು ಇನ್ನೊಂದು ಕೆಲಸ. ಕೊನೆಗೆ ಸುತ್ತಲೂ ಗೋಟು ಕಟ್ಟಿ ಅಂಚು ಮುಚ್ಚುವುದು ಮೂರನೆಯದು. ಇಂಗ್ಲಿಷಿನ ಕ್ವಿಲ್ಟಿಂಗ್ ಎಂಬ ಮಾತು ಸರಿಯಾಗಿ ಸಲ್ಲುವುದು ಎರಡನೆಯ ಕೆಲಸಕ್ಕೆ. ತುಣುಕು ಜೋಡಣೆಯೇ ಕ್ವಿಲ್ಟ್ ಎಂದು ಅನೇಕರು ತಿಳಿದಿರುತ್ತಾರೆ, ಆದರೆ ಒಂದೂ ತುಣುಕಿಲ್ಲದೆ, ಇಡಿಯ ಬಟ್ಟೆಯ ಮೇಲೆ ಬರೀ ಹೊಲಿಗೆಯಿಂದಲೇ ಚಿತ್ರ ಮೂಡಿಸಿದ ಕ್ವಿಲ್ಟುಗಳೂ ಇವೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ, ಹದಿನಾಲ್ಕನೆಯ ಶತಮಾನದ ಸಿಸಿಲಿಯ ಟ್ರಿಸ್ಟಾನ್ ಕ್ವಿಲ್ಟ್ ಅಂಥದ್ದು.

ಬ್ಲಾಕ್ ಎಂದರೆ ಮೇಲ್ಪದರದಲ್ಲಿ ಮತ್ತೆ ಮತ್ತೆ ಬರುವ ಒಂದು ಘಟಕ, ಸಾಮಾನ್ಯವಾಗಿ ಚೌಕ. ಮುಂಬಯಿಯ ಹಳೆಯ ಚಾಳುಗಳ, ಹಳೆಯ ಬಂಗಲೆಗಳ ನೆಲಕ್ಕೆ ಹಾಸಿದ ಬಣ್ಣದ ಸಿಮೆಂಟ್ ಟೈಲುಗಳನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ಟೈಲಿನಲ್ಲಿ ಹೂವಿನ ಕಾಲು ಭಾಗ ಮಾತ್ರ ಇರುತ್ತದೆ. ನಾಲ್ಕು ಟೈಲು ಮೂಲೆಗೆ ಮೂಲೆ ಕೂಡಿದಾಗ ಪೂರ್ತಿ ಹೂ ಅರಳುತ್ತದೆ. ಯಾವ ಟೈಲಿನಲ್ಲೂ ಇಲ್ಲದ ಒಂದು ಆಕಾರ ಅವುಗಳ ನೆರೆಹೊರೆಯಿಂದ ಹುಟ್ಟುತ್ತದೆ. ಬ್ಲಾಕುಗಳ ಕ್ವಿಲ್ಟೂ ಹೀಗೆಯೇ.

ಚುಕ್ಕಿ ರಂಗೋಲಿಯ ಹಾಗೆ

ಚುಕ್ಕಿ ಇಟ್ಟು ರಂಗೋಲಿ ಹಾಕುವವರಿಗೆ ಗೊತ್ತು, ರಂಗೋಲಿಯನ್ನು ನೆನಪಿಡುವುದು ಗೆರೆಗಳಿಂದಲ್ಲ, ಚುಕ್ಕಿಗಳ ಲೆಕ್ಕದಿಂದ. ಬ್ಲಾಕಿನ ಒಳಗೂ ಕಣ್ಣಿಗೆ ಕಾಣದ ಒಂದು ಜಾಲವಿರುತ್ತದೆ. ಚೌಕವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರಾಗಿ ಭಾಗಿಸಿದರೆ ಒಂಬತ್ತು ಮನೆಗಳಾಗುತ್ತವೆ. ಇದಕ್ಕೆ ನೈನ್ ಪ್ಯಾಚ್ ಎಂದು ಹೆಸರು. ಎರಡೆರಡಾಗಿ ಭಾಗಿಸಿದರೆ ನಾಲ್ಕು ಮನೆ. ಐದೈದಾಗಿ ಭಾಗಿಸಿದರೆ ನಮ್ಮ ಚೌಕಾಬಾರಾ ಆಟದ ಮನೆಯಂಥ ಇಪ್ಪತ್ತೈದು ಮನೆ. ಏಳೇಳಾಗಿ ಭಾಗಿಸಿದ್ದೂ ಇದೆ. ಕರಡಿಯ ಪಂಜ ಎಂಬರ್ಥದ ಬೇರ್ಸ್ ಪಾ ಮಾದರಿ ಈ ಏಳರ ಜಾಲದಲ್ಲಿ ಕೂರುತ್ತದೆ.

ಜಾಲ ಹಿಡಿದ ಮೇಲೆ ಪ್ರತಿ ಮನೆಯೊಳಗೆ ಏನು ತುಂಬಬೇಕೆಂಬುದಷ್ಟೇ ಪ್ರಶ್ನೆ. ಇಡಿಯ ಚೌಕ ತುಂಬಬಹುದು, ಮೂಲೆಯಿಂದ ಮೂಲೆಗೆ ಸೀಳಿದ ಎರಡು ತ್ರಿಕೋನ ತುಂಬಬಹುದು, ಎರಡೂ ಕರ್ಣಗಳಲ್ಲಿ ಸೀಳಿದ ನಾಲ್ಕು ತ್ರಿಕೋನ ತುಂಬಬಹುದು. ಆ ಹುಡುಗಿ ತಂದ ಓಹಿಯೊ ಸ್ಟಾರ್ ನೋಡಿ: ಒಂಬತ್ತು ಮನೆಗಳ ಜಾಲ, ನಡುಮನೆ ಇಡಿಯ ಚೌಕ, ನಾಲ್ಕು ಮೂಲೆಯ ಮನೆಗಳೂ ಇಡಿಯ ಚೌಕ, ಉಳಿದ ನಾಲ್ಕು ಬದಿಮನೆಗಳು ಮಾತ್ರ ನಾಲ್ಕು ನಾಲ್ಕು ತ್ರಿಕೋನಗಳಾಗಿ ಒಡೆದಿವೆ. ನಕ್ಷತ್ರದ ಎಂಟು ಮೊನೆಗಳು ಹುಟ್ಟುವುದು ಈ ನಾಲ್ಕು ಮನೆಗಳಿಂದಲೇ. ಇಷ್ಟು ಕಂಡುಕೊಂಡ ಮೇಲೆ ಆಕೆ ನಕ್ಷೆಯನ್ನು ಮಡಿಚಿಟ್ಟು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾನೇ ಬರೆದಳು. ನಕ್ಷತ್ರ ಸರಿಯಾಗಿಯೇ ಮೂಡಿತು.

ಕಾಲು ಇಂಚಿನ ಮಾತು

ಕಾಗದದ ಮೇಲೆ ಸರಿ ಬಂದದ್ದು ಬಟ್ಟೆಯಲ್ಲಿ ತಪ್ಪುವುದು ಮಾರ್ಜಿನ್ನಿನಲ್ಲಿ, ಅಂದರೆ ಹೊಲಿಗೆಯ ಒಳಗೆ ಹೋಗುವ ಅಂಚಿನಲ್ಲಿ. ಕ್ವಿಲ್ಟ್ ಹೊಲಿಯುವವರು ಪ್ರತಿ ತುಣುಕಿನ ಪ್ರತಿ ಬದಿಗೂ ಕಾಲು ಇಂಚು ಮಾರ್ಜಿನ್ ಬಿಡುತ್ತಾರೆ. ಆದ್ದರಿಂದ 3 ಇಂಚಿನ ಮನೆ ಬೇಕಾದರೆ ಬಟ್ಟೆಯನ್ನು ಮೂರೂವರೆ ಇಂಚು ಕತ್ತರಿಸಬೇಕು. ಒಂಬತ್ತು ತುಣುಕು ಕೂಡಿದಾಗ ಚೌಕ ಒಂಬತ್ತೂವರೆ ಇಂಚು ಅಳತೆ ತೋರಿಸುತ್ತದೆ. ಸುತ್ತಲಿನ ಚೌಕಗಳೊಂದಿಗೆ ಹೊಲಿದ ಮೇಲೆ 9 ಇಂಚಿಗೆ ನಿಲ್ಲುತ್ತದೆ.

ಕೂದಲೆಳೆಯಷ್ಟು ತಪ್ಪಿಗೆ ಏಕಿಷ್ಟು ಹೆದರಬೇಕೆಂದು ಮೊದಮೊದಲು ನನಗೂ ಅನಿಸುತ್ತಿತ್ತು. ಲೆಕ್ಕ ಹಾಕಿ ನೋಡಿದಾಗ ತಿಳಿಯಿತು. ಆರಡಿ ಅಗಲದ ಹೊದಿಕೆಗೆ ಸಾಲಿಗೆ 9 ಇಂಚಿನ 8 ಚೌಕ, ಅಂದರೆ 24 ತುಣುಕು, ಅವುಗಳ ನಡುವೆ 23 ಹೊಲಿಗೆ. ಮಾರ್ಜಿನ್ ಇಂಚಿನ ಹದಿನಾರರಲ್ಲಿ ಒಂದು ಭಾಗದಷ್ಟು ಹೆಚ್ಚಾದರೂ ಹೊಲಿಗೆಯ ಎರಡೂ ಬದಿ ಸೇರಿ ಅರ್ಧಪಾವು ಇಂಚು, ಅಂದರೆ ಎಂಟರಲ್ಲೊಂದು ಇಂಚು ಕಡಿಮೆಯಾಗುತ್ತದೆ. 23 ಹೊಲಿಗೆಗೆ ಅದು ಸುಮಾರು ಮೂರು ಇಂಚು. ಮೊದಲ ಸಾಲು ಒಂದು ದಿನ, ಎರಡನೆಯ ಸಾಲು ಇನ್ನೊಂದು ದಿನ, ಬೇರೆ ಕೈಬಿಗಿಯಲ್ಲಿ ಹೊಲಿದರೆ ಎರಡು ಸಾಲುಗಳ ಮೂಲೆಗಳು ಎಂದಿಗೂ ಕೂಡುವುದಿಲ್ಲ.

ತ್ರಿಕೋನಗಳಲ್ಲಿ ಇನ್ನೊಂದು ಕಷ್ಟ ಸೇರುತ್ತದೆ. ನೆಯ್ದ ಬಟ್ಟೆ ಹಾಸಿನ ದಿಕ್ಕಿನಲ್ಲೂ ಹೊಕ್ಕಿನ ದಿಕ್ಕಿನಲ್ಲೂ ಗಟ್ಟಿ. ಓರೆಯಾಗಿ ಹಿಡಿದು ಎಳೆದರೆ ಹಿಗ್ಗುತ್ತದೆ. ದರ್ಜಿಗಳು ಕ್ರಾಸ್ ಎನ್ನುವುದು ಇದಕ್ಕೇ. ಚೌಕವನ್ನು ಕರ್ಣದಲ್ಲಿ ಕತ್ತರಿಸಿದೊಡನೆ ಆ ಉದ್ದ ಬದಿ ಪೂರ್ತಿ ಓರೆಯಾಗಿರುವುದರಿಂದ ಬೆರಳು ತಾಗಿದರೂ ಅಲೆಅಲೆಯಾಗುತ್ತದೆ. ಇದಕ್ಕೆ ಹೊಲಿಯುವವರು ಕಂಡುಕೊಂಡ ಉಪಾಯ ಬಹಳ ಚೆಂದ: ಕತ್ತರಿಸಿ ಹೊಲಿಯುವ ಬದಲು ಹೊಲಿದು ಕತ್ತರಿಸುವುದು. ತಿಳಿ ಬಣ್ಣದ ಒಂದು ಚೌಕ, ಗಾಢ ಬಣ್ಣದ ಒಂದು ಚೌಕ, ಎರಡನ್ನೂ ಮುಖಕ್ಕೆ ಮುಖ ಇಟ್ಟು, ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆದು, ಆ ಗೆರೆಯ ಎರಡೂ ಕಡೆ ಕಾಲು ಇಂಚು ದೂರದಲ್ಲಿ ಹೊಲಿಗೆ ಹಾಕಿ, ಆಮೇಲೆ ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರೆ, ಅರ್ಧ ತಿಳಿ ಅರ್ಧ ಗಾಢವಾದ ಎರಡು ಚೌಕಗಳು ಒಮ್ಮೆಗೇ ಸಿಗುತ್ತವೆ. ಓರೆ ಅಂಚು ಹೊರಗೆ ಬರುವ ಮೊದಲೇ ಹೊಲಿಗೆಯ ಹಿಡಿತಕ್ಕೆ ಸಿಕ್ಕಿರುತ್ತದೆ. ಇದಕ್ಕೆ ಬೇಕಾದ ಚೌಕ ಮುಗಿದ ಅಳತೆಗಿಂತ ಮುಕ್ಕಾಲು ಇಂಚಿನ ಮೇಲೆ ಅರ್ಧಪಾವು ದೊಡ್ಡದಿರಬೇಕು. ಹೊಸಬರು ಒಂದು ಇಂಚು ದೊಡ್ಡದಾಗಿಯೇ ಕತ್ತರಿಸಿ, ಹೊಲಿದ ಮೇಲೆ ಅಳತೆಗೆ ಸರಿಯಾಗಿ ಅಂಚು ಕತ್ತರಿಸಿಕೊಳ್ಳುವುದು ಕ್ಷೇಮ.

ಬೆಳಕು, ನೆರಳು

ಒಂದೇ ಜಾಲ, ಒಂದೇ ಅಳತೆ, ಆದರೂ ಎರಡು ಕ್ವಿಲ್ಟುಗಳು ಗುರುತೇ ಸಿಗದಷ್ಟು ಬೇರೆ ಕಾಣಲು ಕಾರಣ ಬಣ್ಣಕ್ಕಿಂತ ಹೆಚ್ಚಾಗಿ ಬಣ್ಣದ ತಿಳಿ ಮತ್ತು ಗಾಢತೆ. ಕೆಂಪು ಹಸಿರು ಎರಡೂ ಸಮಾನ ಗಾಢವಾಗಿದ್ದರೆ ದೂರದಿಂದ ನಕ್ಷತ್ರ ಕರಗಿಹೋಗುತ್ತದೆ. ಬಟ್ಟೆಗಳನ್ನು ಒಟ್ಟಿಗೆ ಹರಡಿ ಮೊಬೈಲಿನಲ್ಲಿ ಕಪ್ಪು ಬಿಳುಪು ಚಿತ್ರ ತೆಗೆದು ನೋಡಿದರೆ ಯಾವುದು ತಿಳಿ, ಯಾವುದು ಗಾಢ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಈ ತತ್ತ್ವ ಅತ್ಯಂತ ಸ್ಪಷ್ಟವಾಗಿ ಕಾಣುವುದು ಲಾಗ್ ಕ್ಯಾಬಿನ್ ಎಂಬ ಮಾದರಿಯಲ್ಲಿ. ಮರದ ದಿಮ್ಮಿಗಳ ಮನೆ ಎಂದು ಅದರ ಅರ್ಥ. ನಡುವೆ ಒಂದು ಸಣ್ಣ ಚೌಕ, ಹಲವು ಸಲ ಕೆಂಪು. ಅದರ ಸುತ್ತ ಒಂದೊಂದಾಗಿ ಪಟ್ಟಿಗಳನ್ನು ಹೊಲಿಯುತ್ತ ಸುತ್ತು ಬರಬೇಕು. ಎರಡು ಬದಿಗೆ ತಿಳಿ ಪಟ್ಟಿ, ಉಳಿದೆರಡು ಬದಿಗೆ ಗಾಢ ಪಟ್ಟಿ ಹಾಕುತ್ತ ಹೋದರೆ ಚೌಕವು ಕರ್ಣದುದ್ದಕ್ಕೂ ಅರ್ಧ ಬಿಸಿಲು ಅರ್ಧ ನೆರಳಾಗುತ್ತದೆ. ಆಮೇಲೆ ಇಂಥ ಚೌಕಗಳನ್ನು ನೆಲದ ಮೇಲಿಟ್ಟು ಒಂದೊಂದನ್ನು ತಿರುಗಿಸಿ ನೋಡಿದರೆ, ಅದೇ ಚೌಕಗಳಿಂದ ಒಮ್ಮೆ ನೇಗಿಲ ಸಾಲಿನಂಥ ಓರೆ ಪಟ್ಟೆಗಳು, ಒಮ್ಮೆ ಒಂದರೊಳಗೊಂದು ಕೂತ ವಜ್ರದಾಕಾರಗಳು ಮೂಡುತ್ತವೆ. ಒಂದೂ ಹೊಲಿಗೆ ಬಿಚ್ಚಬೇಕಾಗಿಲ್ಲ. ಕೆಂಪು ನಡುಚೌಕ ಮನೆಯೊಳಗಿನ ಒಲೆಯ ಕುರುಹೆಂದು ಹೇಳುವ ವಾಡಿಕೆ ಇದೆ.

ಚೌಕಗಳು ಬಂದದ್ದು ಎಲ್ಲಿಂದ

ಕಷ್ಟಜೀವಿಗಳಾದ ಅಮೆರಿಕದ ವಲಸೆಗಾರರು ಹರಕು ಬಟ್ಟೆ ಉಳಿಸಲೆಂದು ಈ ಚೌಕಗಳನ್ನು ಹುಟ್ಟುಹಾಕಿದರು ಎಂಬ ಕಥೆ ಎಲ್ಲೆಲ್ಲೂ ಕೇಳಿಬರುತ್ತದೆ. ಉಳಿದುಬಂದ ವಸ್ತುಗಳು ಹೇಳುವುದು ಬೇರೆ. ಅಲ್ಲಿನ ಅತಿ ಹಳೆಯ ಕ್ವಿಲ್ಟುಗಳು ಬಹುಪಾಲು ಉಳ್ಳವರ ಮನೆಯವು; ಕೈಯಿಂದ ನೂತು ನೇಯ್ದು ಬಟ್ಟೆ ಮಾಡುತ್ತಿದ್ದ ಕಾಲದಲ್ಲಿ ತುಂಡು ಮಾಡಿ ಕೂಡಿಸುವಷ್ಟು ಬಟ್ಟೆಯೂ ಬಿಡುವೂ ಬಡವರ ಮನೆಯಲ್ಲಿ ಎಲ್ಲಿಂದ ಬರಬೇಕು? ಆ ಮನೆಗಳಲ್ಲಿ ಬೆಲೆಬಾಳುವ ಬಟ್ಟೆಯೆಂದರೆ ನಮ್ಮ ಕೋರಮಂಡಲ ಕರಾವಳಿಯಿಂದ ಹಡಗೇರಿದ ಚಿಂಟ್ಜ್, ಅಂದರೆ ತೊಳೆದರೂ ಬಣ್ಣ ಬಿಡದಂತೆ ಹೂಬಳ್ಳಿ ಬರೆದ ಹತ್ತಿ ಬಟ್ಟೆ. ಯುರೋಪಿನ ನೇಕಾರರ ಹೊಟ್ಟೆಗೆ ಕುತ್ತು ಬರುವಷ್ಟು ಅದಕ್ಕೆ ಬೇಡಿಕೆ ಇತ್ತು. ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು, ಇಂಗ್ಲೆಂಡ್ 1721ರಲ್ಲಿ ಅಚ್ಚಿನ ಹತ್ತಿ ಬಟ್ಟೆಯ ಬಳಕೆಗೇ ತಡೆ ತಂದಿತು. ಇಂಥ ದುಬಾರಿ ಬಟ್ಟೆಯ ಹೂಗಳನ್ನು ಒಂದೊಂದಾಗಿ ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಕೂರಿಸಿ ಹೊಲಿದ ಹೊದಿಕೆಗಳು ಚೌಕಗಳ ಕ್ವಿಲ್ಟಿಗಿಂತ ಹಿಂದಿನವು.

ಚೌಕಗಳ ಕ್ವಿಲ್ಟ್ ಅಮೆರಿಕದಲ್ಲಿ ಮನೆಮಾತಾದದ್ದು 1840ರ ಆಸುಪಾಸಿನಲ್ಲಿ, ಗಿರಣಿಯ ಅಚ್ಚಿನ ಬಟ್ಟೆ ಅಗ್ಗವಾದ ಮೇಲೆ. ಆ ಗಿರಣಿಗಳಿಗೆ ಹತ್ತಿ ಬಂದದ್ದು ಗುಲಾಮರು ದುಡಿದ ಹೊಲಗಳಿಂದ. 1793ರಲ್ಲಿ ಎಲಿ ವಿಟ್ನಿಯ ಹತ್ತಿ ಬಿಡಿಸುವ ಯಂತ್ರ ಬಂದ ಮೇಲೆ ಆ ಹೊಲಗಳೂ ಆ ಗುಲಾಮಗಿರಿಯೂ ಬೆಳೆಯುತ್ತಲೇ ಹೋದವು. ಈ ಕಥೆಯ ಒಂದು ಎಳೆ ನಮ್ಮ ಧಾರವಾಡದವರೆಗೂ ಬರುತ್ತದೆ. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನ ಹತ್ತಿ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಲಾಯಿತು; ಆ ಬೆಳೆಗೆ ಧಾರವಾಡ ಅಮೆರಿಕನ್ ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ, ಧಾರವಾಡದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆ ಬಂದರಿನಿಂದ ಮುಂಬಯಿಗೆ ಬಂತು. ಮುಂಬಯಿ ಆ ನಾಲ್ಕು ವರ್ಷಗಳಲ್ಲಿ ಕಂಡ ಸಿರಿ ಹತ್ತಿಯದೇ.

ಚೌಕವೇ ಏಕೆ ಗೆದ್ದಿತು ಎಂಬ ಪ್ರಶ್ನೆಗೆ ಉತ್ತರ ಚೌಕದ ಗಾತ್ರದಲ್ಲಿದೆ. ಇಡಿಯ ಹೊದಿಕೆ ಹರಡಲು ಕೋಣೆಯೇ ಬೇಕು. ಚೌಕ ಮಡಿಲಲ್ಲಿ ಹಿಡಿಯುತ್ತದೆ. ನಾನು ಅನೇಕ ಚೌಕಗಳನ್ನು ಕೈಹೊಲಿಗೆಯಲ್ಲಿ ಮುಗಿಸಿದ್ದು ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ, ಪಕ್ಕದವರು ಮೆಂತ್ಯದ ಸೊಪ್ಪು ಬಿಡಿಸುತ್ತಿರುವಾಗ. ಹತ್ತೊಂಬತ್ತನೆಯ ಶತಮಾನದ ಹೆಂಗಸರಿಗೂ ಚೌಕ ಹೀಗೆಯೇ ಒದಗಿತು. ಚೌಕಗಳನ್ನು ಗೆಳತಿಯರೊಳಗೆ ಬದಲಾಯಿಸಿಕೊಳ್ಳಬಹುದಿತ್ತು. 1840ರ ದಶಕದಲ್ಲಿ ಒಬ್ಬೊಬ್ಬರು ಒಂದೊಂದು ಚೌಕ ಹೊಲಿದು ಶಾಯಿಯಲ್ಲಿ ಹೆಸರು ಬರೆದು, ದೂರದೂರಿಗೆ ಹೊರಟವರಿಗೆ ಹೊದಿಕೆ ಮಾಡಿ ಕೊಡುವ ರೂಢಿ ಹಬ್ಬಿತ್ತು. ಚೌಕ ಕೂಡಿಸುವುದು ಒಬ್ಬರ ಕೆಲಸ, ಚೌಕಟ್ಟಿಗೆ ಬಿಗಿದು ಮೂರು ಪದರ ಹೊಲಿಯುವುದು ನೆರೆಹೊರೆಯವರೆಲ್ಲರ ಕೆಲಸ, ನಮ್ಮಲ್ಲಿ ಹಪ್ಪಳ ಸಂಡಿಗೆಗೆ ಕೂಡುವ ಹಾಗೆ.

ಹೆಸರನ್ನು ಎಷ್ಟು ನಂಬಬೇಕು

ಈಗ ಓಹಿಯೊ ಪ್ರಶ್ನೆಗೆ ಬರೋಣ. ಅದೇ ನಕ್ಷತ್ರಕ್ಕೆ ವೇರಿಯಬಲ್ ಸ್ಟಾರ್ ಎಂಬ ಹೆಸರೂ ಇದೆ. ಒಂಬತ್ತು ಮನೆಗಳದೇ ಇನ್ನೊಂದು ಮಾದರಿಗೆ ಚರ್ನ್ ಡ್ಯಾಶ್ ಎನ್ನುತ್ತಾರೆ, ಬೆಣ್ಣೆ ಕಡೆಯುವ ಗಡಿಗೆಯ ಕಡೆಗೋಲು ಎಂದು ಅರ್ಥ. ಅದೇ ಚೌಕವನ್ನು ಮಂಕಿ ರೆಂಚ್, ಅಂದರೆ ಪಾನೆ ಎಂದವರೂ ಇದ್ದಾರೆ, ಕಣಜದ ಬಾಗಿಲಿನ ತೂತು ಎಂದವರೂ ಇದ್ದಾರೆ. ಹೊಲಿದವಳ ಕಣ್ಣಿಗೆ ಬಿದ್ದ ವಸ್ತು ಹೆಸರಾಯಿತು. ನಮ್ಮ ಹಳ್ಳಿಯಲ್ಲಿ ಹುಟ್ಟಿದ್ದರೆ ಅದು ಕಡೆಗೋಲೇ ಆಗುತ್ತಿತ್ತು ಎಂದು ನನಗೆ ಅನಿಸುತ್ತದೆ.

ಇಂದು ಅಚ್ಚಿನಲ್ಲಿ ಸಿಗುವ ಹೆಸರುಗಳಲ್ಲಿ ಬಹಳಷ್ಟು ಅಂಟಿಕೊಂಡದ್ದು ಮಾದರಿಗಳು ಹುಟ್ಟಿ ಎಷ್ಟೋ ಕಾಲವಾದ ಮೇಲೆ, ಪತ್ರಿಕೆಗಳೂ ನಕ್ಷೆ ಮಾರುವ ಕಂಪನಿಗಳೂ ಅವುಗಳನ್ನು ಪ್ರಕಟಿಸತೊಡಗಿದಾಗ. ಕಾನ್ಸಾಸ್ ಸಿಟಿ ಸ್ಟಾರ್ ಎಂಬ ಪತ್ರಿಕೆಯೊಂದೇ 1928ರಿಂದ 1961ರವರೆಗೆ ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಅಚ್ಚು ಹಾಕಿತು. ಇತಿಹಾಸಕಾರ್ತಿ ಬಾರ್ಬರಾ ಬ್ರಾಕ್‌ಮನ್ ಇಂಥ ನಾಲ್ಕು ಸಾವಿರಕ್ಕೂ ಮೀರಿದ ಮಾದರಿಗಳನ್ನು ಒಟ್ಟುಮಾಡಿ ವರ್ಗೀಕರಿಸಿದಾಗ ಹೆಸರಿನ ಮೇಲೆ ಜೋಡಿಸಲಿಲ್ಲ. ಚೌಕದ ಒಳಗಿನ ಜಾಲ ಹೇಗೆ ಕಟ್ಟಲಾಗಿದೆ ಎಂಬುದರ ಮೇಲೆ ಜೋಡಿಸಿ ಸಂಖ್ಯೆ ಕೊಟ್ಟರು. ಹೆಸರು ಊರಿಂದೂರಿಗೆ ಬದಲಾಗುತ್ತದೆ, ಹೊಲಿಗೆಯ ಗೆರೆ ಬದಲಾಗುವುದಿಲ್ಲ.

ಹೆಸರುಗಳ ಮೇಲೆ ಕಟ್ಟಿದ ಕಥೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಪ್ಪಿಸಿಕೊಂಡು ಓಡುವ ಗುಲಾಮರಿಗೆ ದಾರಿ ತೋರಿಸಲು ಬೇಲಿಯ ಮೇಲೆ ಗುಪ್ತ ಸಂಕೇತದ ಕ್ವಿಲ್ಟುಗಳನ್ನು ಹಾಕುತ್ತಿದ್ದರು, ಇಂಥ ಚೌಕಕ್ಕೆ ಇಂಥ ಅರ್ಥ ಎಂಬ ಮಾತು 1999ರಲ್ಲಿ ಬಂದ ಒಂದು ಪುಸ್ತಕದಿಂದ ಶಾಲೆಗಳವರೆಗೂ ಹಬ್ಬಿತು. ಆ ಕಾಲದ ಬರಹಗಳಲ್ಲಾಗಲಿ, ಬಿಡುಗಡೆ ಪಡೆದವರು ಸ್ವತಃ ಹೇಳಿಕೊಂಡ ಜೀವನಕಥನಗಳಲ್ಲಾಗಲಿ ಇದಕ್ಕೆ ಆಧಾರ ಕಾಣದೆಂದು ಇತಿಹಾಸಕಾರರು ಹೇಳುತ್ತಾರೆ. ಗುಲಾಮಗಿರಿಯಿಂದ ಬಂದ ಹೆಣ್ಣೊಬ್ಬಳ ನಿಜವಾದ ಕ್ವಿಲ್ಟ್ ಬೇಕಾದವರು ಹ್ಯಾರಿಯೆಟ್ ಪವರ್ಸ್ ಹೆಸರನ್ನು ನೆನಪಿಡಬೇಕು. 1837ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದ ಆಕೆ ಬೈಬಲಿನ ಪ್ರಸಂಗಗಳನ್ನು ಬಟ್ಟೆಯಲ್ಲಿ ಕತ್ತರಿಸಿ ಕೂರಿಸಿ ಹೊಲಿದ ಹೊದಿಕೆಯನ್ನು ಕಷ್ಟಕಾಲದಲ್ಲಿ 5 ಡಾಲರಿಗೆ ಮಾರಬೇಕಾಯಿತು. ಅದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಆಧುನಿಕ ಎನ್ನುವುದು ಯಾವುದನ್ನು

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಕ್ವಿಲ್ಟುಗಳನ್ನು ಮಂಚದಿಂದೆತ್ತಿ ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿತು. ನೋಡುವ ಕಣ್ಣು ಬದಲಾಗಲು ಅದು ದೊಡ್ಡ ಕಾರಣ. ಕೈ ಬದಲಾದದ್ದು 1979ರಲ್ಲಿ, ಜಪಾನಿನ ಓಲ್ಫಾ ಕಂಪನಿ ಚಕ್ರದ ಕತ್ತಿಯನ್ನು ತಂದಾಗ. ಪಿಜ್ಜಾ ಕತ್ತರಿಸುವ ಚಕ್ರದಂತಿರುವ ಅದನ್ನು ಅಳತೆಪಟ್ಟಿಗೆ ಒತ್ತಿ ಉರುಳಿಸಿದರೆ ನಾಲ್ಕಾರು ಪದರ ಬಟ್ಟೆ ಒಮ್ಮೆಗೇ ನೇರವಾಗಿ ಕತ್ತರಿಸಲ್ಪಡುತ್ತದೆ. ರಟ್ಟಿನ ಅಚ್ಚಿಟ್ಟು ಒಂದೊಂದೇ ತುಣುಕನ್ನು ಗುರುತು ಮಾಡಿ ಕತ್ತರಿಸುತ್ತಿದ್ದವರ ಒಂದು ವಾರದ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯಿತು.

ಮೂರನೆಯ ಪ್ರೇರಣೆ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯಿಂದ ಬಂತು. ನದಿಯ ತಿರುವಿನಲ್ಲಿರುವ ಆ ಊರಿನ ಕಪ್ಪು ಹೆಂಗಸರು, ಅಲ್ಲಿನ ಹತ್ತಿ ಹೊಲಗಳಲ್ಲಿ ದುಡಿದ ಗುಲಾಮರ ವಂಶದವರು, ಸವೆದ ಹೊಲದುಡುಪುಗಳಿಂದ ಹೊದಿಕೆ ಹೊಲಿಯುತ್ತಿದ್ದರು. ಲಾಗ್ ಕ್ಯಾಬಿನ್ನಿನ ಹಾಗೆ ನಡುವಿನಿಂದ ಸುತ್ತುತ್ತ ಬೆಳೆಯುವ ಮಾದರಿಗೆ ಅವರು ಹೌಸ್‌ಟಾಪ್, ಅಂದರೆ ಮನೆಯ ಮಾಡು ಎನ್ನುತ್ತಾರೆ. ಆದರೆ ಪಟ್ಟಿಗಳು ಒಂದೇ ಅಗಲಕ್ಕಿರಬೇಕೆಂಬ ಕಟ್ಟು ಅವರಿಗಿಲ್ಲ. ಪ್ಯಾಂಟಿನ ಜೇಬು ಇದ್ದ ಜಾಗದ ಬಣ್ಣ ಮಾಸದೆ ಉಳಿದಿದ್ದರೆ ಅದೂ ಚಿತ್ತಾರದ ಭಾಗ. 1966ರಲ್ಲಿ ಆ ಭಾಗದ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಸಂಘ ಕಟ್ಟಿದರು. 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ನಡೆದ ಪ್ರದರ್ಶನದ ಮೂಲಕ ಜೀಸ್ ಬೆಂಡ್ ಎಲ್ಲರಿಗೂ ಗೊತ್ತಾಯಿತು.

2009ರಲ್ಲಿ ಲಾಸ್ ಏಂಜಲೀಸಿನಲ್ಲಿ ಮಾಡರ್ನ್ ಕ್ವಿಲ್ಟ್ ಗಿಲ್ಡ್ ಹುಟ್ಟಿದಾಗ ಆಧುನಿಕ ಎಂಬ ಮಾತಿಗೆ ಒಂದು ನಿಶ್ಚಿತ ಅರ್ಥ ಬಂತು: ಹೂವಿಲ್ಲದ ಒಂದೇ ಬಣ್ಣದ ಬಟ್ಟೆಗಳು, ಎರಡು ಬದಿ ಸಮವಾಗಿರದ ವಿನ್ಯಾಸ, ಬೇಕೆಂದೇ ಬಿಟ್ಟ ಖಾಲಿ ಜಾಗ. ಇದರಲ್ಲಿ ಹಳೆಯ ಚೌಕವನ್ನೇ ಹೊಸದಾಗಿ ಹೇಳುವ ಒಂದು ಕವಲಿದೆ. ಅದು ಮಾಡುವುದೇನೆಂದು ತಿಳಿಯಲು ಕಡೆಗೋಲಿನ ಚೌಕವೊಂದನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ. 9 ಇಂಚಿನ ಅರವತ್ತನಾಲ್ಕು ಚೌಕಗಳ ಬದಲು ಆರಡಿಯ ಒಂದೇ ಚೌಕ ಹೊಲಿದರೆ ಒಂದೊಂದು ಮನೆಯೂ ಎರಡಡಿಯಾಗಿ ಮಾದರಿ ಬಾವುಟದಂತೆ ಕಾಣುತ್ತದೆ. ಅದನ್ನು ನಡುವಿನಿಂದ ಒಂದು ಮೂಲೆಗೆ ಸರಿಸಿ ಉಳಿದುದನ್ನು ಖಾಲಿ ಬಿಡಬಹುದು. ಎರಡು ಮನೆಗಳ ತುಣುಕನ್ನು ಹಿನ್ನೆಲೆಯ ಬಣ್ಣದಲ್ಲೇ ಹೊಲಿದರೆ ಆಕಾರದ ಒಂದು ಭಾಗ ಮಾಯವಾಗುತ್ತದೆ, ಆದರೂ ನೋಡುವವರ ಕಣ್ಣು ಅದನ್ನು ತುಂಬಿಕೊಳ್ಳುತ್ತದೆ. ಮೂರರಲ್ಲೂ ಜಾಲ ಮಾತ್ರ ಹಳೆಯದೇ. ಆದ್ದರಿಂದಲೇ ಹಳೆಯ ಚೌಕವನ್ನು ನಿಯಮದಂತೆ ಹೊಲಿದು ಬಲ್ಲವರ ಕೈಯಲ್ಲಿ ಈ ಬದಲಾವಣೆಗಳು ನಿಲ್ಲುತ್ತವೆ.

ಕೌದಿಯ ದಾರಿ ಬೇರೆ

ನಮ್ಮ ಕೌದಿ, ಇಲ್ಲಿನ ಮರಾಠಿಗರ ಗೋಧಡಿ, ಬಂಗಾಳದ ಕಂಥಾ, ಬಿಹಾರದ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ರಲ್ಲಿ ಇವೆಲ್ಲ ಕ್ವಿಲ್ಟಿನ ಬಳಗದವೇ, ಆದರೆ ಕೌದಿಯ ಕಟ್ಟೋಣ ಚೌಕದ ಕಟ್ಟೋಣವಲ್ಲ. ಚೌಕಗಳ ಕ್ವಿಲ್ಟಿನಲ್ಲಿ ಮೇಲ್ಪದರ ಮೊದಲು ಪೂರ್ತಿಯಾಗುತ್ತದೆ, ಪದರಗಳನ್ನು ಹಿಡಿಸುವ ಹೊಲಿಗೆ ಆಮೇಲೆ. ಕೌದಿಯಲ್ಲಿ ಎರಡೂ ಒಂದೇ ಕೆಲಸ. ಹಳೆಯ ಸೀರೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮೆತ್ತಗಾದ ಅರಿವೆಗಳ ಪದರ ಹರಡಿ, ಮೇಲಿನ ತುಣುಕನ್ನು ಇಟ್ಟಲ್ಲೇ ಅಂಚು ಮಡಚಿ ಎಲ್ಲ ಪದರ ಸೇರಿಸಿ ಹೊಲಿಯುತ್ತ ಹೋಗುತ್ತಾರೆ. ಮಾರ್ಜಿನ್ನಿನ ಲೆಕ್ಕ ಇಲ್ಲಿ ಬೇಕಾಗುವುದೇ ಇಲ್ಲ, ಏಕೆಂದರೆ ತುಣುಕು ದೊಡ್ಡದಾದರೆ ಇನ್ನಷ್ಟು ಮಡಚಿದರಾಯಿತು.

ನಮ್ಮ ಮನೆಯಲ್ಲಿ ನನ್ನ ಅಜ್ಜಿಯ ಕಾಲದ ಒಂದು ಕೌದಿ ಇದೆ. ಅದನ್ನು ಮಗುಚಿ ಹಿಂಬದಿಯನ್ನು ನೋಡಿದಾಗಲೇ ಹೊಲಿದ ಕ್ರಮ ನನಗೆ ತಿಳಿದದ್ದು. ಜೋಳದ ಕಾಳಿನ ಗಾತ್ರದ ಓಟದ ಹೊಲಿಗೆ ಅಂಚಿನಿಂದ ಹೊರಟು, ಮೂಲೆ ಬಂದಲ್ಲಿ ತಿರುಗಿ, ಒಳಗೊಳಗೆ ಸುತ್ತುತ್ತ ನಡುವಿಗೆ ಬಂದು ನಿಂತಿದೆ; ಒಂದು ಕಡೆ ದಾರ ಬಿಳಿಯಿಂದ ನೀಲಿಗೆ ಬದಲಾಗಿದೆ.

ಹೊರಗಿನಿಂದ ಒಳಗೆ ಹೊಲಿಯುವ ಈ ಕ್ರಮದ ಪ್ರಸಿದ್ಧ ಉದಾಹರಣೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿ. ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಕವಂದಿಯ ನಾಲ್ಕು ಮೂಲೆಗೂ ಬಟ್ಟೆಯನ್ನು ಪದರ ಪದರವಾಗಿ ಮಡಚಿದ ಸಣ್ಣ ತ್ರಿಕೋನಗಳನ್ನು ಹೊಲಿಯುತ್ತಾರೆ, ಅವಕ್ಕೆ ಫೂಲ ಎಂದು ಹೆಸರು. ಅದಿಲ್ಲದೆ ಕವಂದಿ ಮುಗಿದಂತಲ್ಲ.

ಲೆಕ್ಕದ ಜಾಲ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಬೌದ್ಧ ವಿನಯ ಗ್ರಂಥದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ: ಸಾಲಾಗಿ ಬದು ಹಾಕಿ ಚೌಕಚೌಕವಾಗಿ ಹರಡಿದ್ದ ಮಗಧದ ಗದ್ದೆಗಳನ್ನು ಶಿಷ್ಯ ಆನಂದನಿಗೆ ತೋರಿಸಿ, ಭಿಕ್ಷುಗಳ ಚೀವರವನ್ನು, ಅಂದರೆ ಅವರು ಹೊದೆಯುವ ವಸ್ತ್ರವನ್ನು, ಹಾಗೆ ಹೊಲಿಯಬಲ್ಲೆಯಾ ಎಂದು ಬುದ್ಧ ಕೇಳುತ್ತಾನೆ, ಆನಂದ ಹೊಲಿಸಿ ತರುತ್ತಾನೆ. ಬೌದ್ಧ ಭಿಕ್ಷುಗಳ ಚೀವರವನ್ನು ಇಂದಿಗೂ ಆ ಗದ್ದೆ ಬದುಗಳ ಜಾಲದಲ್ಲೇ ಕೂಡಿಸಿ ಹೊಲಿಯುತ್ತಾರೆ.

ಮುಂಬಯಿಯಲ್ಲಿ ಹೊಲಿಯುವುದಾದರೆ

ಹೊಸ ಬಟ್ಟೆ ಬೇಕಾದವರಿಗೆ ಕ್ರಾಫರ್ಡ್ ಮಾರ್ಕೆಟ್ಟಿನ ಪಕ್ಕದ ಮಂಗಳದಾಸ್ ಮಾರ್ಕೆಟ್, ದಾದರಿನ ಹಿಂದ್‌ಮಾತಾ ಇವೆ. ಆದರೆ ಒಂದು ಹಳೆಯ ಸೀರೆಯಲ್ಲಿ ಎಷ್ಟು ಬಟ್ಟೆ ಇದೆಯೆಂದು ಒಮ್ಮೆ ಲೆಕ್ಕ ಹಾಕುವುದು ಒಳ್ಳೆಯದು. ಆರು ಗಜದ, 45 ಇಂಚು ಪನ್ನದ ಸೀರೆಯಿಂದ ಮೂರೂವರೆ ಇಂಚಿನ ಏಳುನೂರಕ್ಕೂ ಹೆಚ್ಚು ಚೌಕಗಳು ಬರುತ್ತವೆ. ಆರಡಿ ಚೌಕದ ನೈನ್ ಪ್ಯಾಚ್ ಹೊದಿಕೆಗೆ ಬೇಕಾದದ್ದು 576. ಸವೆದ ಭಾಗ ಬಿಟ್ಟರೂ ಎರಡು ಸೀರೆ ಸಾಕು.

ಹತ್ತಿಗೆ ಹತ್ತಿಯನ್ನೇ ಕೂಡಿಸಬೇಕು. ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಹತ್ತಿ ಕುಗ್ಗುತ್ತದೆ; ಎರಡೂ ಒಂದೇ ಚೌಕದಲ್ಲಿದ್ದರೆ ಮೊದಲ ಒಗೆತಕ್ಕೇ ಹೊಲಿಗೆ ಸುಕ್ಕುಗಟ್ಟುತ್ತದೆ. ಗುಳೇದಗುಡ್ಡದ ಖಣ ಕತ್ತರಿಸಿದೊಡನೆ ಎಳೆ ಬಿಡುವುದರಿಂದ ಅದರ ಹಿಂಬದಿಗೆ ತೆಳು ಮಲ್‌ಮಲ್ ಸೇರಿಸಿ ಒಂದೇ ಬಟ್ಟೆಯೆಂಬಂತೆ ಹೊಲಿಯಬೇಕು. ಇಳಕಲ್ ಸೀರೆಯ ಗಾಢ ಕೆಂಪು ಬಣ್ಣ ಬಿಡುತ್ತದೆಯೇ ಎಂಬುದನ್ನು ಮೊದಲೇ ತಿಳಿಯಲು, ತುಣುಕನ್ನು ಬಿಳಿ ಅರಿವೆಯೊಂದಿಗೆ ಉಗುರುಬೆಚ್ಚನೆಯ ನೀರಲ್ಲಿ ಅರ್ಧ ಗಂಟೆ ನೆನೆಸಿಟ್ಟು ಬಿಳಿ ಅರಿವೆಯನ್ನು ನೋಡಿದರಾಯಿತು.

ನಡುಪದರಕ್ಕೆ ಈ ಊರಿನಲ್ಲಿ ದಪ್ಪ ಹತ್ತಿ ಬೇಡ. ಸೆಕೆಗೆ ಹೊದೆಯಲಾಗದು, ಮಳೆಗಾಲದಲ್ಲಿ ಆರದು. ಒಂದು ಮೆತ್ತನೆಯ ಹಳೆಯ ಸೀರೆಯೇ ಸಾಕು. ಬಿಡಿ ಹತ್ತಿ ತುಂಬಿದರೆ ಅದು ತೊಳೆದಾಗ ಒಂದೆಡೆ ಗುಂಪಾಗದಂತೆ ಹೊಲಿಗೆ ಬಹಳ ಹತ್ತಿರ ಹತ್ತಿರ ಹಾಕಬೇಕಾಗುತ್ತದೆ. ಹಳೆಯ ಕ್ವಿಲ್ಟುಗಳಲ್ಲಿ ಅಷ್ಟು ದಟ್ಟ ಹೊಲಿಗೆ ಕಾಣುವುದಕ್ಕೆ ಅಲಂಕಾರದಷ್ಟೇ ಇದೂ ಕಾರಣ. ಸೀರೆಯ ಪದರಕ್ಕೆ ನಾಲ್ಕು ಬೆರಳು ಅಂತರವಿದ್ದರೂ ನಡೆಯುತ್ತದೆ.

ಕೊನೆಗೆ, ಅಸ್ತರದ ಒಂದು ಮೂಲೆಗೆ ಅಂಗೈಯಗಲದ ಬಿಳಿ ಬಟ್ಟೆ ಹೊಲಿದು ಮಾಸದ ಶಾಯಿಯಲ್ಲಿ ನಾಲ್ಕು ಸಾಲು ಬರೆಯಬೇಕು. ಸಂಗ್ರಹಾಲಯಗಳಲ್ಲಿರುವ ಎಷ್ಟೋ ಕ್ವಿಲ್ಟುಗಳ ಕಾಲವನ್ನು ಬಟ್ಟೆಯ ಅಚ್ಚು ನೋಡಿ ಅಂದಾಜು ಮಾಡಬೇಕಾಗಿದೆ, ಹೊಲಿದವಳ ಹೆಸರು ಸಿಗುವುದೇ ಇಲ್ಲ. ನಮ್ಮ ಮಹಡಿಯ ಹುಡುಗಿ ತನ್ನ ಹೊದಿಕೆಗೆ ಬರೆದ ಚೀಟಿಯಲ್ಲಿ ಮೊದಲು ತನ್ನ ಹೆಸರು, ಇಸವಿ, ಡೊಂಬಿವಲಿ ಎಂದಿದೆ. ಅದರ ಕೆಳಗೆ, "ಒಂಬತ್ತು ಮನೆ, ನಾಲ್ಕು ಬದಿಗೆ ತ್ರಿಕೋನ. ಚುಕ್ಕಿಗೆ ಅತ್ತಿಯ ಇಳಕಲ್ ಸೀರಿ ಎರಡು, ಹಿನ್ನೆಲಿಗೆ ಮಾವನ ಬಿಳಿ ಅಂಗಿ ಏಳು" ಎಂದಿದೆ. ಓಹಿಯೊದ ಹೆಸರನ್ನು ಆಕೆ ಬರೆದಿಲ್ಲ.